ಹತ್ತು ಲೀಟರ್ ಕಂಪ್ಯೂಟರ್, ರಾಯಚೂರಿನ ಬಿಸಿಲು

ಸಣ್ಣ ಕಂಪ್ಯೂಟರ್ ಯಾಕೆ ಅಂತ ಕೇಳಿದರೆ ಬಹಳ ಜನ ಟೇಬಲ್ ಮೇಲೆ ಚೆಂದ ಕಾಣುತ್ತೆ ಅನ್ನುತ್ತಾರೆ. ನನ್ನ ಕಾರಣ ಉದ್ಯಾನ್ ಎಕ್ಸ್‌ಪ್ರೆಸ್. ಕೆಲಸ ಬೆಂಗಳೂರಿನದು, ಮನೆ ರಾಯಚೂರಿನಲ್ಲಿ. ಆಫೀಸಿನವರು ಮನೆಯಿಂದ ಕೆಲಸ ಮಾಡಲು ಬಿಟ್ಟಾಗಲೆಲ್ಲ ರಾತ್ರಿ ರೈಲು ಹತ್ತುತ್ತೇನೆ, ಬೆಳಕು ಹರಿಯುವ ಮೊದಲೇ ಊರು. ಹಳೆಯ ಟವರ್ ಕ್ಯಾಬಿನೆಟ್ ಹೊತ್ತುಕೊಂಡು ಹೋಗುವ ಮಾತೇ ಇರಲಿಲ್ಲ. ಹೆಗಲ ಬ್ಯಾಗಿನಲ್ಲಿ ಕೂರುವ, ಬರ್ತ್ ಕೆಳಗೆ ತಳ್ಳಬಹುದಾದ ಡೆಸ್ಕ್‌ಟಾಪ್ ಬೇಕಿತ್ತು.

ಲ್ಯಾಪ್‌ಟಾಪ್ ತಗೋಬಹುದಲ್ವಾ ಅಂತ ಎಲ್ಲರೂ ಕೇಳಿದರು. ತಗೋಬಹುದಿತ್ತು. ಆದರೆ ದಿನವಿಡೀ ಕೋಡ್ ಕಂಪೈಲ್ ಮಾಡುವವರಿಗೆ ಅದರ ಫ್ಯಾನ್ ಸದ್ದು ಗೊತ್ತೇ ಇರುತ್ತದೆ. ಇನ್ನೊಂದು ಕಾರಣ, ನನಗೆ ಬಯಾಸ್ ಒಳಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ, ಕೈಯಾಡಿಸುವ ಚಟ ಇದೆ. ಲ್ಯಾಪ್‌ಟಾಪ್‌ನಲ್ಲಿ ಆ ಆಟ ಹೆಚ್ಚು ನಡೆಯುವುದಿಲ್ಲ.

ಹಾಗಾಗಿ ಮಿನಿ-ಐಟಿಎಕ್ಸ್. 17 ಸೆಂಟಿಮೀಟರ್ ಉದ್ದ, 17 ಅಗಲದ ಮದರ್‌ಬೋರ್ಡ್. ತೈವಾನಿನ ವಿಯಾ ಕಂಪನಿ 2001ರಲ್ಲಿ ಈ ಅಳತೆ ತಂದಾಗ ಅದು ಕಡಿಮೆ ಕರೆಂಟ್ ತಿನ್ನುವ ಪುಟ್ಟ ಪ್ರೊಸೆಸರ್‌ಗಳಿಗಾಗಿ ಇತ್ತು. ಈಗ ಅದೇ ಚೌಕದ ಮೇಲೆ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳೇ ಕೂರುತ್ತವೆ. ಬದಲಿಗೆ ಸಿಗುವುದು ಗ್ರಾಫಿಕ್ಸ್ ಕಾರ್ಡಿನಂಥದ್ದನ್ನು ಚುಚ್ಚುವ ಪಿಸಿಐಇ ಸ್ಲಾಟ್ ಒಂದೇ, ಎರಡೇ ರ‍್ಯಾಮ್ ಸ್ಲಾಟ್. ರ‍್ಯಾಮ್ ಸ್ಲಾಟ್ ಎರಡೇ ಇರುವುದು ಕೊರತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವವರಿಗೆ, ಅದು ಅನುಕೂಲವೇ. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ತಾಮ್ರದ ಗೆರೆಗಳು ಚಿಕ್ಕದಾಗುತ್ತವೆ, ನಡುವೆ ಖಾಲಿ ಸ್ಲಾಟ್‌ಗಳ ಕಾಟ ಇರುವುದಿಲ್ಲ, ಸಿಗ್ನಲ್ ಚೊಕ್ಕವಾಗಿ ಹೋಗುತ್ತದೆ. ಎಎಂಡಿ ಕಂಪನಿಯ ಎಎಂ5 ಸಾಕೆಟ್ ಇರುವ ಬೋರ್ಡಿನಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ರೈಜನ್ 7000 ಪ್ರೊಸೆಸರ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳುವ ರ‍್ಯಾಮ್ ವೇಗ 3600 ಮೆಗಾಟ್ರಾನ್ಸ್‌ಫರ್‌ಗೆ ಇಳಿಯುತ್ತದೆ. ಎರಡೇ ಹಾಕಿದರೆ 5200.

ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನು ಅಂದರೆ ಎಸ್‌ಪಿ ರೋಡ್. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಆಯಿತು. ಕೀಬೋರ್ಡ್, ಕೇಬಲ್, ಹಳೆಯ ಸರ್ವರ್ ಬಿಡಿಭಾಗ, ಏನು ಕೇಳಿದರೂ ಅಲ್ಲಿ ಯಾರಾದರೂ ತೆಗೆದುಕೊಡುತ್ತಾರೆ. ಐಟಿಎಕ್ಸ್ ಬೋರ್ಡ್ ಒಂದನ್ನು ಬಿಟ್ಟು. "ಸರ್, ಅದನ್ನ ಕೇಳೋರೇ ಇಲ್ಲ, ಇಟ್ಕೊಂಡ್ರೆ ಧೂಳು ತಿನ್ನುತ್ತೆ. ಮೈಕ್ರೋ ಎಟಿಎಕ್ಸ್ ತಗೊಳ್ಳಿ, ದುಡ್ಡೂ ಉಳಿಯುತ್ತೆ" ಅಂತ ಒಬ್ಬ ಅಂಗಡಿಯವರು ನಿಜವನ್ನೇ ಹೇಳಿದರು. ಅದೇ ಬಿ650 ಚಿಪ್‌ಸೆಟ್ ಇರುವ ಬೋರ್ಡಿಗೆ ಗಾತ್ರ ಸಣ್ಣದಾದ ಮಾತ್ರಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಲೆ. ಎ620 ಬೋರ್ಡ್ ಅಗ್ಗ, ಆದರೆ ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು ಬಿಡುವುದಿಲ್ಲ. ಕೊನೆಗೆ ಅವರೇ ಡಿಸ್ಟ್ರಿಬ್ಯೂಟರ್ ಹತ್ತಿರ ಹೇಳಿ ತರಿಸಿಕೊಟ್ಟರು. 18 ಪರ್ಸೆಂಟ್ ಜಿಎಸ್‌ಟಿ ಬಿಲ್ ಕೇಳಿ ಪಡೆದೆ. ಬಿಲ್ ಇಲ್ಲದಿದ್ದರೆ ವಾರಂಟಿ ಹೊತ್ತಿಗೆ ಅಲೆದಾಟ ತಪ್ಪಿದ್ದಲ್ಲ.

ಪ್ರೊಸೆಸರ್ ರೈಜನ್ 5 7600. ಆರು ಕೋರ್, 5.1 ಗಿಗಾಹರ್ಟ್ಸ್ ತನಕ ಬೂಸ್ಟ್. ಹೆಸರಿಗೆ 65 ವ್ಯಾಟ್, ನಿಜವಾಗಿ ಸಾಕೆಟ್‌ನಿಂದ 88 ವ್ಯಾಟ್ ತನಕ ಎಳೆಯುತ್ತದೆ. ಗ್ರಾಫಿಕ್ಸ್‌ಗೆ 115 ವ್ಯಾಟ್‌ನ ಆರ್‌ಟಿಎಕ್ಸ್ 4060. ಕೇಸ್ ಫ್ರಾಕ್ಟಲ್ ಕಂಪನಿಯ ಟೆರಾ, 10.4 ಲೀಟರ್. ಇದರ ನಡುವೆ ಒಂದು ಲೋಹದ ಗೋಡೆ ಇದೆ. ಒಂದು ಕಡೆ ಬೋರ್ಡ್, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್, ಎರಡನ್ನೂ ಸೇರಿಸಲು ರೈಸರ್ ಕೇಬಲ್. ಆ ಗೋಡೆಯನ್ನು ಆಚೀಚೆ ಸರಿಸಬಹುದು. ಕಾರ್ಡಿಗೆ ಜಾಗ ಕೊಟ್ಟರೆ ಪ್ರೊಸೆಸರ್ ಕೂಲರ್‌ಗೆ 48 ಮಿಲಿಮೀಟರ್ ಎತ್ತರ ಅಷ್ಟೇ ಉಳಿಯುತ್ತದೆ. ತೆಳು ಕಾರ್ಡ್ ಹಾಕಿದರೆ 77ರ ತನಕ ಸಿಗುತ್ತದೆ. ನಾನು 4060 ಆರಿಸಿದ್ದಕ್ಕೆ ಮುಖ್ಯ ಕಾರಣ ಅದೇ. ಎರಡು ಸ್ಲಾಟ್ ದಪ್ಪದ ಕಾರ್ಡ್ ಹಾಕಿ, ಗೋಡೆಯನ್ನು ಅತ್ತ ತಳ್ಳಿ, ಇತ್ತ 67 ಮಿಲಿಮೀಟರ್ ಎತ್ತರದ ಥರ್ಮಲ್‌ರೈಟ್ ಎಎಕ್ಸ್‌ಪಿ120 ಕೂರಿಸಿದೆ. ಕೂಲರ್ ರ‍್ಯಾಮ್ ಮೇಲೂ ಚಾಚಿಕೊಳ್ಳುವುದರಿಂದ ಗಿಡ್ಡ ರ‍್ಯಾಮ್ ಬೇಕು. ಜಿ.ಸ್ಕಿಲ್ ಫ್ಲೇರ್ ಎಕ್ಸ್5 ಸ್ಟಿಕ್ 33 ಮಿಲಿಮೀಟರ್. ಬಣ್ಣದ ಲೈಟ್ ಇಲ್ಲ, ಅದೂ ನನಗೆ ಇಷ್ಟವೇ.

ಸಣ್ಣ ಕೇಸಿನಲ್ಲಿ ಜೋಡಿಸುವ ಕ್ರಮ ತಲೆಯಲ್ಲಿ ಮೊದಲೇ ಇರಬೇಕು. ದೊಡ್ಡ ಕ್ಯಾಬಿನೆಟ್‌ನಲ್ಲಿ ಮರೆತದ್ದನ್ನು ಆಮೇಲೆ ಹಾಕಬಹುದು, ಇಲ್ಲಿ ಎಲ್ಲ ಬಿಚ್ಚಬೇಕು. ನನ್ನ ಬೋರ್ಡಿನಲ್ಲಿ ಎಸ್‌ಎಸ್‌ಡಿ ಚುಚ್ಚುವ ಎರಡನೇ ಎಂ.2 ಸ್ಲಾಟ್ ಬೋರ್ಡಿನ ಬೆನ್ನಿಗಿದೆ. ಬೋರ್ಡ್ ಒಮ್ಮೆ ಸ್ಕ್ರೂ ಹಾಕಿ ಕೂತರೆ ಅದರ ಮುಖ ಮತ್ತೆ ಕಾಣುವುದಿಲ್ಲ. ಅದಕ್ಕೇ ಎಸ್‌ಎಸ್‌ಡಿಗಳೆರಡೂ ಮೊದಲು, ಆಮೇಲೆ ಪ್ರೊಸೆಸರ್, ರ‍್ಯಾಮ್, ಕೂಲರ್, ಎಲ್ಲವೂ ಟೇಬಲ್ ಮೇಲೇ. 8 ಪಿನ್ ಸಿಪಿಯು ಕೇಬಲನ್ನು ಕೂಲರ್ ಕೂರಿಸುವ ಮೊದಲು ಚುಚ್ಚಬೇಕು. ಆಮೇಲೆ ಅಲ್ಲಿ ಹೆಬ್ಬೆರಳು ಹೋಗುವುದಿಲ್ಲ.

ಎಎಂ5ರಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಇಲ್ಲ, ಬೋರ್ಡಿನ ಸಾಕೆಟ್‌ನಲ್ಲಿವೆ. 1718 ಸಣ್ಣ ಸ್ಪ್ರಿಂಗ್‌ಗಳು. ಕಿಟಕಿ ಹತ್ತಿರ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಎಲ್ಲ ಒಂದೇ ದಿಕ್ಕಿಗೆ ಬಾಗಿ ಹೊಳೆಯುತ್ತಿರಬೇಕು. ಒಂದು ಬೇರೆ ಥರ ಹೊಳೆದರೂ ಅಂಗಡಿಗೆ ವಾಪಸ್. ನನ್ನದರಲ್ಲಿ ಎಲ್ಲ ಸರಿಯಿತ್ತು. ಪ್ರೊಸೆಸರ್ ಮೆತ್ತಗೆ ಇಟ್ಟು ಲಿವರ್ ಒತ್ತುವಾಗ ಕಟಕಟ ಸದ್ದು ಬರುತ್ತದೆ, ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರುತ್ತದೆ. ಮೊದಲ ಸಲ ಮಾಡುವವರಿಗೆ ಜೀವ ಬಾಯಿಗೆ ಬರುವ ಕ್ಷಣ ಅದು. ಅಷ್ಟು ಬಲ ಬೇಕೇ ಬೇಕು.

ಪವರ್ ಸಪ್ಲೈ ಎಸ್‌ಎಫ್‌ಎಕ್ಸ್, 12.5 ಸೆಂಟಿಮೀಟರ್ ಅಗಲ, 10 ಉದ್ದ. ಮಾಮೂಲಿ ಎಟಿಎಕ್ಸ್ ಇಲ್ಲಿ ತೂರುವುದಿಲ್ಲ. ಅದರ ಕೇಬಲ್‌ಗಳನ್ನು ಮಡಚಿ ಅಡಗಿಸುವುದರಲ್ಲೇ ಒಂದು ಸಂಜೆ ಹೋಯಿತು. ಫ್ಯಾನ್‌ಗೆ ಗಾಳಿ ಬರುವ ಕಡೆ ವೈರ್ ಇರಬಾರದು, ಇಷ್ಟೇ ನಿಯಮ. ಚೆಂದ ಕಾಣುತ್ತದೋ ಇಲ್ಲವೋ ಯಾರು ನೋಡುತ್ತಾರೆ, ಪಕ್ಕದ ಪ್ಯಾನೆಲ್ ಲೋಹದ್ದು.

ಆನ್ ಮಾಡಿದೆ. ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಬೋರ್ಡಿನ ಮೇಲೆ ಡಿರ‍್ಯಾಮ್ ಅನ್ನುವ ಹಳದಿ ದೀಪ. ಎಎಂ5ರಲ್ಲಿ ಮೊದಲ ಸಲ ಹೀಗೇ ಆಗುತ್ತದೆ. ಪ್ರೊಸೆಸರ್ ಮತ್ತು ಡಿಡಿಆರ್5 ರ‍್ಯಾಮ್ ಪರಸ್ಪರ ಹೊಂದಿಕೊಳ್ಳಲು ಸಿಗ್ನಲ್ ಕಳಿಸಿ, ಅಳೆದು, ತಿದ್ದಿಕೊಳ್ಳುತ್ತವೆ. ಅದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಹಲವು ನಿಮಿಷ ಹಿಡಿಯಬಹುದು. ಎಷ್ಟೋ ಜನ ಈ ಹೊತ್ತಿನಲ್ಲಿ ಹೆದರಿ ಪವರ್ ಬಟನ್ ಒತ್ತಿಬಿಡುತ್ತಾರೆ, ಟ್ರೈನಿಂಗ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾನು ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ಬರುವಷ್ಟರಲ್ಲಿ ಬಯಾಸ್ ಕಾಣುತ್ತಿತ್ತು.

ಓವರ್‌ಕ್ಲಾಕ್ ಶುರುವಾಗುವುದು ಬಯಾಸ್‌ನ ಎಕ್ಸ್‌ಪೋ ಅನ್ನುವ ಒಂದು ಸ್ವಿಚ್‌ನಿಂದ. ಅದನ್ನು ಒತ್ತಿದರೆ ರ‍್ಯಾಮ್ 6000ದಲ್ಲಿ ಓಡುತ್ತದೆ. ಕಂಪನಿ ಡಬ್ಬದ ಮೇಲೆ ಅದೇ ವೇಗ ಬರೆದಿದ್ದರೂ, ಎಎಂಡಿ ಲೆಕ್ಕದಲ್ಲಿ ಇದು ಓವರ್‌ಕ್ಲಾಕೇ. ಇದರಿಂದ ಚಿಪ್ ಹಾಳಾದರೆ ವಾರಂಟಿ ಇಲ್ಲ ಅಂತ ಅವರ ಸಣ್ಣ ಅಕ್ಷರಗಳಲ್ಲಿದೆ. ಇಲ್ಲಿ ಒಂದನ್ನು ಮಾತ್ರ ಕಣ್ಣಿಟ್ಟು ನೋಡಬೇಕು, ಪ್ರೊಸೆಸರ್‌ನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್. 2023ರ ಏಪ್ರಿಲ್‌ನಲ್ಲಿ ಎಎಂ5 ಪ್ರೊಸೆಸರ್‌ಗಳು ಸುಟ್ಟ ಸುದ್ದಿ ಬಂದಮೇಲೆ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿಸಿತು. ನಾನು ಹೊಸ ಬಯಾಸ್ ಹಾಕಿ, ಅದನ್ನು ಕೈಯಿಂದಲೇ 1.2ಕ್ಕೆ ನಿಲ್ಲಿಸಿದೆ. ಆರು ಸಾವಿರಕ್ಕೆ ಅಷ್ಟು ಸಾಕಾಯಿತು.

ಮುಂದಿನದು ಪ್ರೊಸೆಸರ್. ಜನವರಿ, ಕೋಣೆಯಲ್ಲಿ 25 ಡಿಗ್ರಿ. ಏನೂ ಮುಟ್ಟದೆ, ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್23 ಓಡಿಸಿದಾಗ 14,100ರ ಆಸುಪಾಸು ಅಂಕ, 88 ವ್ಯಾಟ್, 81 ಡಿಗ್ರಿ. ಈಗ ಬಯಾಸ್‌ನಲ್ಲಿ ಎಎಂಡಿಯ ಓವರ್‌ಕ್ಲಾಕ್ ಸೆಟ್ಟಿಂಗ್ ಪಿಬಿಒ ತೆರೆದು ಕರೆಂಟಿನ ಮಿತಿ ಎಲ್ಲ ಎತ್ತಿ, ಬೂಸ್ಟ್‌ಗೆ 200 ಮೆಗಾಹರ್ಟ್ಸ್ ಸೇರಿಸಿದೆ. ಅದಕ್ಕಿಂತ ಜಾಸ್ತಿ ಸೇರಿಸಲು ಅದು ಬಿಡುವುದಿಲ್ಲ. 115 ವ್ಯಾಟ್ ಎಳೆಯಿತು, ಕಣ್ಣು ಮುಚ್ಚಿ ತೆಗೆಯುವುದರೊಳಗೆ 95 ಡಿಗ್ರಿ. 95 ಈ ಚಿಪ್‌ನ ಗರಿಷ್ಠ ಮಿತಿ, ಅಲ್ಲಿಂದ ಮುಂದೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಕ ಹದಿನೈದು ಸಾವಿರ ಮುಟ್ಟಿತೇನೋ ನಿಜ. ಆದರೆ ಫ್ಯಾನ್ ಸದ್ದಿಗೆ ಪಕ್ಕದ ರೂಮಿನವನು ಬಂದು ಏನಾಯ್ತು ಅಂತ ಕೇಳಿದ.

ದೊಡ್ಡ ಕ್ಯಾಬಿನೆಟ್‌ನಲ್ಲಿ ಕಲಿತ ಓವರ್‌ಕ್ಲಾಕ್ ಇಲ್ಲಿ ನಡೆಯುವುದಿಲ್ಲ. ಅಲ್ಲಿ ವೋಲ್ಟೇಜ್ ಏರಿಸಿ ವೇಗ ಏರಿಸುತ್ತಾರೆ, ಶಾಖವನ್ನು ಕೂಲರ್ ನೋಡಿಕೊಳ್ಳುತ್ತದೆ. ಇಲ್ಲಿ ಶಾಖದ ಬಜೆಟ್ ಮೊದಲೇ ಗೊತ್ತು, ಅದರೊಳಗೆ ಎಷ್ಟು ವೇಗ ಹಿಂಡಬಹುದು ಅನ್ನುವುದೇ ಆಟ. ಅದಕ್ಕೆ ಇರುವ ಉಪಾಯ ಕರ್ವ್ ಆಪ್ಟಿಮೈಜರ್. ಪ್ರತಿ ವೇಗಕ್ಕೂ ಇಷ್ಟು ವೋಲ್ಟೇಜ್ ಅಂತ ಕಂಪನಿ ಇಟ್ಟಿರುವ ಗೆರೆಯನ್ನು ಕೆಳಗೆ ಇಳಿಸುವುದು. ಮೈನಸ್ ಒಂದು ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆ. ಎಲ್ಲ ಚಿಪ್‌ಗೂ ಸಾಲಲಿ ಅಂತ ಕಂಪನಿ ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತದೆ, ನಮ್ಮ ಚಿಪ್‌ಗೆ ಎಷ್ಟು ಸಾಕು ಅಂತ ನಾವು ಹುಡುಕಬೇಕು.

ಎಲ್ಲ ಕೋರ್‌ಗೂ ಮೈನಸ್ 30 ಕೊಟ್ಟು ನೋಡಿದೆ. ಸಿನಿಬೆಂಚ್ ಸರಾಗವಾಗಿ ಮುಗಿಯಿತು. ಆಮೇಲೆ ಬ್ರೌಸರ್ ತೆರೆದು ಸುಮ್ನೆ ಕೂತಿದ್ದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಕರ್ವ್ ಆಪ್ಟಿಮೈಜರ್‌ನ ಸ್ವಭಾವವೇ ಹೀಗೆ. ಭಾರ ಹಾಕಿದಾಗ ಎಲ್ಲ ಕೋರ್ ಒಂದು ಹದದ ವೇಗದಲ್ಲಿರುತ್ತವೆ, ಏನೂ ಆಗುವುದಿಲ್ಲ. ಹಗುರ ಕೆಲಸದಲ್ಲಿ ಒಂದೇ ಕೋರ್ ತುತ್ತತುದಿಯ ವೇಗಕ್ಕೆ ಜಿಗಿಯುತ್ತದೆ, ವೋಲ್ಟೇಜ್ ಸಾಲದೆ ಬೀಳುವುದು ಆಗಲೇ. ಯಾವ ಕೋರ್ ಬಿದ್ದಿತು ಅಂತ ವಿಂಡೋಸ್ ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ಎರರ್ ಬರೆದಿಡುವ ಡಬ್ಲ್ಯೂಎಚ್‌ಇಎ ಲಾಗರ್ ಸಾಲು, ನಂಬರ್ 18, ಅದರೊಳಗೆ ಥ್ರೆಡ್‌ನ ಗುರುತು ಸಂಖ್ಯೆ, ಎಪಿಐಸಿ ಐಡಿ 6. ಪ್ರತಿ ಕೋರ್‌ಗೆ ಎರಡು ಥ್ರೆಡ್ ಇರುವುದರಿಂದ ಅದನ್ನು ಎರಡರಿಂದ ಭಾಗಿಸಿದರೆ ಕೋರ್ 3, ಸೊನ್ನೆಯಿಂದ ಎಣಿಸಿದರೆ. ಕೋರ್‌ಸೈಕ್ಲರ್ ಅನ್ನುವ ಸ್ಕ್ರಿಪ್ಟ್ ಒಂದೊಂದೇ ಕೋರನ್ನು ಸರದಿಯಂತೆ ಹಿಂಸಿಸುತ್ತದೆ. ರಾತ್ರಿ ಮಲಗುವಾಗ ಓಡಿಸುವುದು, ಬೆಳಗ್ಗೆ ಬಿದ್ದ ಕೋರಿನ ನಂಬರ್ ನೋಡಿ ಎರಡು ಮೂರು ಹಂತ ವಾಪಸ್ ಕೊಡುವುದು. ಕೊನೆಗೆ ಕೋರ್ 3 ಮೈನಸ್ 12ಕ್ಕೆ ನಿಂತಿತು, ಮಿಕ್ಕವು 20ರಿಂದ 28ರ ನಡುವೆ.

ಫಲ ನೋಡಿ. ಎತ್ತಿದ ಮಿತಿಯನ್ನು ಮತ್ತೆ ಮೊದಲಿನಂತೆ ಇಟ್ಟಾಗ ಅದೇ 88 ವ್ಯಾಟ್, ಅದೇ 81 ಡಿಗ್ರಿ, ಅಂಕ 14,800. ವ್ಯಾಟ್ ಮಿತಿ ಹಾಗೇ ಇದ್ದರೆ ವೋಲ್ಟೇಜ್ ಇಳಿಸಿದರೂ ಶಾಖ ಇಳಿಯುವುದಿಲ್ಲ. ಉಳಿದ ವ್ಯಾಟನ್ನು ಪ್ರೊಸೆಸರ್ ವೇಗಕ್ಕೆ ಹಾಕಿಕೊಳ್ಳುತ್ತದೆ. ಶಾಖವೇ ಇಳಿಯಬೇಕು ಅಂದರೆ ಮಿತಿಯನ್ನೂ ಇಳಿಸಬೇಕು. 70 ವ್ಯಾಟ್‌ಗೆ ಇಳಿಸಿದಾಗ ಸಿಕ್ಕಿದ ಅಂಕ ಮೊದಲಿನ 14,100ಕ್ಕೆ ಕೂದಲೆಳೆಯಷ್ಟು ಕಮ್ಮಿ, 70 ಡಿಗ್ರಿ ಅಷ್ಟೇ. ಈ ಸಾಲನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ, ಮುಂದೆ ಕೆಲಸಕ್ಕೆ ಬಂತು.

ಗ್ರಾಫಿಕ್ಸ್ ಕಾರ್ಡಿಗೂ ಅದೇ ಉಪಾಯ. ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಕರ್ವ್ ತೆರೆದು 0.95 ವೋಲ್ಟ್‌ನಲ್ಲಿ ಗೆರೆಯನ್ನು ಚಪ್ಪಟೆ ಮಾಡಿದೆ. ಗೇಮ್‌ನಲ್ಲಿ ಫ್ರೇಮ್ ರೇಟ್ ಬದಲಾದದ್ದು ಕಣ್ಣಿಗೆ ಕಾಣಲಿಲ್ಲ, ವ್ಯಾಟ್ ಮಾತ್ರ ನೂರರ ಕೆಳಗೆ ಬಂತು.

ನಿಜವಾದ ಚಟ ರ‍್ಯಾಮ್ ಟೈಮಿಂಗ್. ಅದರಲ್ಲಿ ಟಿಆರ್‌ಇಎಫ್‌ಐ ಅಂತ ಒಂದಿದೆ. ರ‍್ಯಾಮ್‌ನ ಪ್ರತಿ ಬಿಟ್ ಒಂದು ಪುಟಾಣಿ ಕೆಪಾಸಿಟರ್‌ನಲ್ಲಿ ಚಾರ್ಜ್ ರೂಪದಲ್ಲಿ ಇರುತ್ತದೆ, ಅದು ಸೋರುತ್ತಲೇ ಇರುತ್ತದೆ. ಪೂರ್ತಿ ಸೋರಿ ಹೋಗುವ ಮೊದಲು ಮತ್ತೆ ತುಂಬಬೇಕು, ತುಂಬುವಾಗ ಓದು ಬರಹ ನಿಲ್ಲುತ್ತದೆ. ಎರಡು ತುಂಬುವಿಕೆಗಳ ನಡುವಿನ ಅಂತರವೇ ಟಿಆರ್‌ಇಎಫ್‌ಐ. ಡಿಡಿಆರ್5ರಲ್ಲಿ ಮಾಮೂಲಿ 3.9 ಮೈಕ್ರೋಸೆಕೆಂಡ್, ಅಂದರೆ 6000 ವೇಗದಲ್ಲಿ 11,700 ಕ್ಲಾಕ್. ಬಯಾಸ್‌ನಲ್ಲಿ 65,535 ತನಕ ಏರಿಸಬಹುದು. ನಿಲ್ಲಿಸಿ ತುಂಬುವ ಕೆಲಸ ಐದು ಪಟ್ಟಿಗಿಂತ ಜಾಸ್ತಿ ಕಮ್ಮಿಯಾಗುತ್ತದೆ, ರ‍್ಯಾಮ್ ಚುರುಕಾಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಏರಿಸಿದೆ. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದೆ, ಒಂದೂ ಎರರ್ ಇಲ್ಲ. ರ‍್ಯಾಮ್ ಬಿಸಿ 51 ಡಿಗ್ರಿ. ಕೆಲಸ ಮುಗಿಯಿತು ಅಂದುಕೊಂಡೆ.

ಮೇ ತಿಂಗಳಲ್ಲಿ ಊರಿಗೆ ಹೋದೆ. ಬ್ಯಾಗಿನಿಂದ ತೆಗೆದಿಟ್ಟಾಗ ಅವ್ವ, "ಇದೇನಪಾ, ಟಿಫಿನ್ ಡಬ್ಬಿ ಇದ್ದಂಗ ಅದ" ಅಂದಳು. ಬೇಸಿಗೆಯಲ್ಲಿ ರಾಯಚೂರು 40 ದಾಟುವುದು ಹೊಸತಲ್ಲ. ನಮ್ಮ ಮನೆಯಲ್ಲಿ ಎಸಿ ಇಲ್ಲ, ನೀರು ತುಂಬುವ ಏರ್ ಕೂಲರ್ ಇದೆ. ಅದರ ಮುಂದೆ ಕಂಪ್ಯೂಟರ್ ಇಡೋಣ ಅನ್ನಿಸುತ್ತದೆ, ಆದರೆ ಅದು ಉಗುಳುವುದು ಹಸಿ ಗಾಳಿ. ಮೂಲೆಯಲ್ಲಿ, ಫ್ಯಾನ್ ಕೆಳಗೆ ಇಟ್ಟೆ. ಮಧ್ಯಾಹ್ನ ಕೋಣೆಯಲ್ಲಿ 38 ಡಿಗ್ರಿ.

ಲೆಕ್ಕ ನೇರವಾಗಿದೆ. ಬೆಂಗಳೂರಿಗಿಂತ ಗಾಳಿ 13 ಡಿಗ್ರಿ ಬಿಸಿ, ಹಾಗಾಗಿ ಒಳಗೆ ಎಲ್ಲವೂ ಸುಮಾರು 13 ಡಿಗ್ರಿ ಜಾಸ್ತಿ. 88 ವ್ಯಾಟ್‌ನಲ್ಲಿ ಪ್ರೊಸೆಸರ್ 94ಕ್ಕೆ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ ಡೈರಿ ನೋಡಿ 70 ವ್ಯಾಟ್ ಮಾಡಿಟ್ಟಿದ್ದೆ. ಅದು 83ರಲ್ಲಿ ಆರಾಮಾಗಿತ್ತು. ಆದರೂ ಕಂಪೈಲ್ ಮುರಿಯತೊಡಗಿತು. ಇಂಟರ್ನಲ್ ಕಂಪೈಲರ್ ಎರರ್. ಮತ್ತೆ ಓಡಿಸಿದರೆ ಆ ಫೈಲ್ ಸರಿ, ಬೇರೆ ಫೈಲ್‌ನಲ್ಲಿ ಅದೇ ಎರರ್. ಬೆಳಗ್ಗೆ ಏನೂ ಇಲ್ಲ, ಮಧ್ಯಾಹ್ನ ಎರಡರ ಮೇಲೆ ಶುರು.

ಕೋಡ್‌ನಲ್ಲಿ ತಪ್ಪಿದ್ದರೆ ಅದೇ ಜಾಗದಲ್ಲಿ ಮುರಿಯಬೇಕು. ಜಾಗ ಬದಲಾಯಿಸುತ್ತಾ ಮುರಿದರೆ ರ‍್ಯಾಮ್ ಕಡೆ ನೋಡಬೇಕು. ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನಲ್ಲಿ ರ‍್ಯಾಮ್ ಸೆನ್ಸರ್ 66 ಡಿಗ್ರಿ ತೋರಿಸುತ್ತಿತ್ತು. ಡಿಡಿಆರ್5ಗೆ 66 ಅಪಾಯವೇನಲ್ಲ, ಕಂಪನಿ ಟೈಮಿಂಗ್‌ನಲ್ಲಿ 85ರ ತನಕ ತಾಳುತ್ತದೆ. ಆದರೆ ಬಿಸಿ ಏರಿದಷ್ಟೂ ಕೆಪಾಸಿಟರ್ ಬೇಗ ಸೋರುತ್ತದೆ. ಬೆಂಗಳೂರಿನ 51 ಡಿಗ್ರಿಯಲ್ಲಿ 65,535 ಕ್ಲಾಕ್ ಕಾಯುತ್ತಿದ್ದ ಬಿಟ್‌ಗೆ ಇಲ್ಲಿ ಅಷ್ಟು ಹೊತ್ತು ಕಾಯಲು ಆಗುತ್ತಿಲ್ಲ. ಇದನ್ನು ಇನ್ನೂ ಕೆಡಿಸುತ್ತಿದ್ದದ್ದು ನಾನು ಇಷ್ಟಪಟ್ಟು ತಂದ ಕೂಲರ್. ಅದು ಗಾಳಿಯನ್ನು ಬೋರ್ಡಿನ ಕಡೆಗೆ ಊದುತ್ತದೆ. ಪ್ರೊಸೆಸರ್‌ನ ಬಿಸಿ ಹೊತ್ತ ಗಾಳಿ ಹೋಗಿ ತಗಲುವುದು ರ‍್ಯಾಮ್‌ಗೇ.

ಟಿಆರ್‌ಇಎಫ್‌ಐ 32,767ಕ್ಕೆ ಇಳಿಸಿದೆ. ರ‍್ಯಾಮ್ ವೋಲ್ಟೇಜ್ 1.4ರಿಂದ 1.35ಕ್ಕೆ ತಂದೆ, ಅದರಿಂದಲೂ ಒಂದೆರಡು ಡಿಗ್ರಿ ಉಳಿಯಿತು. ಮಧ್ಯಾಹ್ನ ಎರಡರಿಂದ ಐದರ ತನಕ, ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ಮೆಮೊರಿ ಟೆಸ್ಟ್ ಓಡಿಸಿದೆ. ಶುದ್ಧ. ಓವರ್‌ಕ್ಲಾಕ್ ಸ್ಟೇಬಲ್ ಅಂತ ಹೇಳುವವರು ಕೋಣೆಯ ಡಿಗ್ರಿಯನ್ನೂ ಜೊತೆಗೆ ಬರೆಯಬೇಕು ಅನ್ನುವುದು ನನ್ನ ತಕರಾರು. ಬರೆಯುವವರು ತೀರಾ ಕಮ್ಮಿ.

ಊರಿನಲ್ಲಿ ಇನ್ನೊಂದು ವಿಷಯ ಇನ್ವರ್ಟರ್. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಮಾಮೂಲಿ ಮೋಡ್ ಮತ್ತು ಯುಪಿಎಸ್ ಮೋಡ್. ಕರೆಂಟ್ ಹೋದಾಗ ಪವರ್ ಸಪ್ಲೈ ತನ್ನ ಕೆಪಾಸಿಟರ್‌ನಲ್ಲಿರುವುದರ ಮೇಲೆ 16-17 ಮಿಲಿಸೆಕೆಂಡ್ ದೂಡುತ್ತದೆ, ಅಷ್ಟರಲ್ಲಿ ಇನ್ವರ್ಟರ್ ಬದಲಾಗಬೇಕು. ಮಾಮೂಲಿ ಮೋಡ್‌ನಲ್ಲಿ ಬದಲಾಗುವುದು ತಡ, ಕಂಪ್ಯೂಟರ್ ಆಫ್ ಆಗುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿದರೆ ನಿಲ್ಲುತ್ತದೆ, ಆದರೆ ಸಂಜೆ ವೋಲ್ಟೇಜ್ ಸ್ವಲ್ಪ ಬಿದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ಹಾಗಾಗಿ ಕೆಲಸದ ಹೊತ್ತಿಗೆ ಯುಪಿಎಸ್, ಸಂಜೆಗೆ ಮಾಮೂಲಿ. ಅಪ್ಪನಿಗೂ ತೋರಿಸಿಕೊಟ್ಟಿದ್ದೇನೆ.

ಈಗ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಇವೆ, ಒಂದು ಬೆಂಗಳೂರಿಗೆ, ಒಂದು ರಾಯಚೂರಿಗೆ. ಪ್ಲಗ್ ಹಾಕಿದ ತಕ್ಷಣ ಡಿಲೀಟ್ ಒತ್ತಿ ಊರು ಬದಲಾಯಿಸುತ್ತೇನೆ. ಅಪ್ಪ ಒಂದು ದಿನ ಹಿಂದೆ ನಿಂತು ನೋಡುತ್ತಿದ್ದರು. "ಇಷ್ಟು ರೊಕ್ಕ ಕೊಟ್ಟು ತಂದು, ಸ್ಪೀಡ್ ಕಮ್ಮಿ ಮಾಡ್ಕೊಂಡು ಕುಂತೀಯೇನಪಾ?" ಅಂತ ಕೇಳಿದರು. ನನ್ನ ಪ್ರಾಜೆಕ್ಟ್ ಪೂರ್ತಿ ಬಿಲ್ಡ್ ಆಗಲು ಬೆಂಗಳೂರು ಪ್ರೊಫೈಲ್‌ನಲ್ಲಿ 6 ನಿಮಿಷ 5 ಸೆಕೆಂಡ್, ಊರಿನದರಲ್ಲಿ 6 ನಿಮಿಷ 25. ಇಪ್ಪತ್ತು ಸೆಕೆಂಡ್ ಅಷ್ಟೇ ಅಪ್ಪಾಜಿ ಅಂದೆ. "ಹಂಗಾದ್ರ ಅಲ್ಲೂ ಇದನ್ನ ಇಟ್ಕೊ" ಅಂದರು. ಅದು ಆಗುವ ಮಾತಲ್ಲ. ಮುಂದಿನ ಬೇಸಿಗೆಯೊಳಗೆ ರ‍್ಯಾಮ್ ಪಕ್ಕಕ್ಕೆ 40 ಮಿಲಿಮೀಟರ್‌ನ ಪುಟ್ಟ ಫ್ಯಾನ್ ಒಂದನ್ನು ಕೂರಿಸಬೇಕು ಅಂತಿದ್ದೇನೆ. ಬ್ರಾಕೆಟ್‌ನ ಅಳತೆ ತೆಗೆದಾಗಿದೆ, 3ಡಿ ಪ್ರಿಂಟ್ ಮಾಡಿಸುವುದೊಂದು ಬಾಕಿ.